ಇಲಿ ಓಡುವ ದಾರಿಯಲ್ಲಿ ವೈರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆ ಹಿಡಿಯಿತೆಂದರೆ ತೋಟ, ಗದ್ದೆ, ಚರಂಡಿಯಲ್ಲಿದ್ದ ಇಲಿಗಳು ಒಣ ಜಾಗ ಹುಡುಕಿಕೊಂಡು ಮನೆಯೊಳಗೆ ಬರುತ್ತವೆ. ವೈರ್ ಕಡಿದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇವೆ.

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಹಳೇ ಹಂಚಿನ ಮನೆ. ಅಟ್ಟದಲ್ಲಿ ಅಡಿಕೆ, ತೆಂಗಿನಕಾಯಿ, ಹಳೇ ಸಾಮಾನು ಇವೆ. ಮರದ ಪಟ್ಟಿಯ ಮೇಲೆ ಕ್ಲಿಪ್ ಹೊಡೆದು ಎಳೆದ ವೈರನ್ನು ಇಲಿ ಮೂರು ಕಡೆ ಕಡಿದಿತ್ತು. ಎಲೆಕ್ಟ್ರಿಷಿಯನ್ ಟೇಪ್ ಸುತ್ತಿ ಹೋದರು. ತಿಂಗಳೊಳಗೆ ಅದರ ಪಕ್ಕದಲ್ಲೇ ಮತ್ತೆ ಕಡಿದಿದೆ. ಫ್ಯೂಸ್ ಒಂದು ಸಲವೂ ಹೋಗಿಲ್ಲ. ಅಪಾಯವಿಲ್ಲ ಎಂದು ತಿಳಿಯಬಹುದೇ?

ಉತ್ತರ: ದಯವಿಟ್ಟು ಹಾಗೆ ತಿಳಿಯಬೇಡಿ. ಫ್ಯೂಸ್ ಹೋಗದೇ ಇರುವುದೇ ಇಲ್ಲಿನ ಅಪಾಯ.

ಫ್ಯೂಸ್ ಮತ್ತು ಎಂಸಿಬಿ (ಫ್ಯೂಸಿನ ಜಾಗದಲ್ಲಿ ಬರುವ, ತಾನೇ ಬೀಳುವ ಸ್ವಿಚ್) ನೋಡುವುದು ಎರಡೇ ಸಂಗತಿ: ಲೋಡ್ ಮಿತಿ ಮೀರಿದೆಯೇ, ಫೇಸ್ (ಕರೆಂಟ್ ತರುವ ತಂತಿ) ಮತ್ತು ನ್ಯೂಟ್ರಲ್ (ಅದನ್ನು ವಾಪಸ್ ಒಯ್ಯುವ ತಂತಿ) ನೇರವಾಗಿ ತಾಗಿ ಶಾರ್ಟ್ ಆಗಿದೆಯೇ. 10 ಆಂಪ್‌ನ ಸಿ ಮಾದರಿಯ ಎಂಸಿಬಿ ತಟ್ಟನೆ ಬೀಳಬೇಕಾದರೆ 50ರಿಂದ 100 ಆಂಪ್ ಹರಿಯಬೇಕು. ಇಲಿ ಕಡಿದ ಜಾಗದಲ್ಲಿ ಆಗುವುದೇ ಬೇರೆ. ಪ್ಲಾಸ್ಟಿಕ್ ಸಿಪ್ಪೆ ಹೋಗಿ ಎರಡು ತಂತಿಗಳ ತಾಮ್ರ ಹೊರಗೆ ಕಾಣುತ್ತದೆ, ನಡುವೆ ಧೂಳು, ತೇವ, ಇಲಿಯ ಉಚ್ಚೆ ಕೂರುತ್ತವೆ. ಉಚ್ಚೆಯಲ್ಲಿ ಉಪ್ಪು ಇರುವುದರಿಂದ ಕರೆಂಟ್ ಅದರ ಮೂಲಕ ಸ್ವಲ್ಪಸ್ವಲ್ಪವೇ ಹರಿಯುತ್ತದೆ. ಪ್ಲಾಸ್ಟಿಕ್ ಕರಕಲಾಗಿ ಇದ್ದಿಲಾಗುತ್ತದೆ, ಇದ್ದಿಲಿನಲ್ಲಿ ಕರೆಂಟ್ ಇನ್ನೂ ಸಲೀಸಾಗಿ ಹರಿಯುತ್ತದೆ. ಬರೀ 1 ಆಂಪ್ ಹರಿದರೂ 230 ವೋಲ್ಟ್‌ಗೆ 230 ವ್ಯಾಟ್ ಬಿಸಿ. ಅಷ್ಟು ಬಿಸಿ ಕಡಲೆಬೇಳೆಯಷ್ಟು ಜಾಗದಲ್ಲಿ, ಒಣ ರೀಪಿನ ಮೇಲೆ, ಅಡಿಕೆ ಸಿಪ್ಪೆ ಮತ್ತು ತೆಂಗಿನ ನಾರಿನ ಪಕ್ಕದಲ್ಲಿ! ಫ್ಯೂಸಿಗೆ ಅದು ಹಳೇ 60 ವ್ಯಾಟಿನ ನಾಲ್ಕು ಬಲ್ಬ್ ಉರಿದಷ್ಟೇ ಲೆಕ್ಕ.

ಟೇಪ್ ಯಾಕೆ ನಿಲ್ಲಲಿಲ್ಲ ಎಂಬುದಕ್ಕೆ ಕಾರಣ ಇಲಿಯ ಹಲ್ಲಿನಲ್ಲಿದೆ. ಅದರ ಬಾಚಿಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ. ಮುಂಭಾಗಕ್ಕೆ ಮಾತ್ರ ಗಟ್ಟಿ ಎನಾಮಲ್ ಇರುವುದರಿಂದ ಕಡಿದಷ್ಟೂ ಉಳಿಯಂತೆ ಹರಿತವಾಗುತ್ತದೆ. ಅದು ವೈರನ್ನು ಹುಡುಕಿಕೊಂಡು ಬರುವುದಿಲ್ಲ. ಗೋಡೆಯ ತಲೆ, ತೊಲೆ, ಪಕಾಸಿನ ಅಂಚು ಹಿಡಿದು ಪ್ರತಿ ರಾತ್ರಿ ಒಂದೇ ದಾರಿಯಲ್ಲಿ ಓಡಾಡುತ್ತದೆ. ದಾರಿಯಲ್ಲಿ ಅಡ್ಡ ಸಿಕ್ಕಿದ್ದನ್ನು, ಬಾಯಿಗೆ ಹಿಡಿಯುವಷ್ಟು ಸಣ್ಣದನ್ನು ಕಡಿಯುತ್ತದೆ. ಟಾರ್ಚ್ ಬಿಟ್ಟು ನೋಡಿ: ಕಡಿದ ಜಾಗದ ಎರಡೂ ಬದಿಯ ಮರದ ಮೇಲೆ ಎಣ್ಣೆಗೈ ಸವರಿದಂಥ ಕಪ್ಪು ಜಿಡ್ಡಿನ ಗುರುತು ಇರುತ್ತದೆ. ಇಲಿಯ ಮೈ ಉಜ್ಜಿ ಆದ ಗುರುತು ಅದು. ದಾರಿ ಅಲ್ಲೇ ಇರುವಾಗ ಟೇಪ್ ಸುತ್ತಿದರೆ ಇನ್ನಷ್ಟು ಮೆತ್ತಗಿನ ಕಡಿಯುವ ವಸ್ತು ಕೊಟ್ಟಂತೆ. ಇನ್ನೊಂದು ಮಾತು, ಹಲ್ಲು ತಾಮ್ರದ ಎಳೆಗಳನ್ನೂ ಕತ್ತರಿಸಿರಬಹುದು. ಎಳೆ ಕಡಿಮೆಯಾದ ಕಡೆ ವೈರ್ ತೆಳುವಾಗಿ, ಲೋಡ್ ಬಂದಾಗ ಅಲ್ಲೇ ಬಿಸಿಯಾಗುತ್ತದೆ. ಟೇಪ್ ಅದನ್ನು ಮುಚ್ಚಿಡುತ್ತದೆ, ಅಷ್ಟೇ.

ಮಾಡಬೇಕಾದ್ದು ಹೀಗೆ. ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದನ್ನೂ ಆರಿಸಿ, ಅದರ ಔಟ್‌ಪುಟ್ ಬೇರ್ಪಡಿಸಿ. ಮೇನ್ ಆಫ್ ಆದ ಕೂಡಲೇ ಇನ್ವರ್ಟರ್ ಅದೇ ವೈರಿಗೆ 230 ವೋಲ್ಟ್ ಕೊಡಲು ಶುರು ಮಾಡುತ್ತದೆ. ಇದನ್ನು ಮರೆತು ಅಟ್ಟ ಹತ್ತಿದರೆ ಜೀವಕ್ಕೇ ಕುತ್ತು. ಅಲ್ಯೂಮಿನಿಯಂ ಏಣಿ ಬೇಡ, ಮರದ್ದು ಅಥವಾ ಫೈಬರ್‌ನದು ಇರಲಿ.

ಕಡಿದ ತುಂಡಿನ ವೈರನ್ನು ಒಂದು ಬಾಕ್ಸ್‌ನಿಂದ ಇನ್ನೊಂದು ಬಾಕ್ಸ್‌ವರೆಗೆ ಪೂರ್ತಿ ತೆಗೆದು ಹೊಸದು ಹಾಕಿಸಿ. ನಡುವೆ ಜಾಯಿಂಟ್ ಬೇಡ. ಹೊಸ ವೈರ್ ಮರದ ಪಟ್ಟಿಯ ಮೇಲೆ ಹೋಗದಿರಲಿ, 20 ಮಿ.ಮೀ. ಜಿಐ (ಸತು ಲೇಪಿಸಿದ ಕಬ್ಬಿಣದ) ಕಂಡ್ಯೂಟ್ ಪೈಪಿನೊಳಗೆ ಹೋಗಲಿ. 30 ಅಡಿ ಉದ್ದಕ್ಕೆ ಬೇಕಾಗುವುದು: 10 ಅಡಿಯ 3 ಪೈಪ್, 2 ಕಪ್ಲಿಂಗ್, ಎರಡೂ ತುದಿಗೆ ಮುಚ್ಚಳವಿರುವ ಕಬ್ಬಿಣದ ಜಂಕ್ಷನ್ ಬಾಕ್ಸ್, ಎರಡೂವರೆ ಅಡಿಗೊಂದರಂತೆ ಡಜನ್ ಸ್ಯಾಡಲ್, ತುದಿಗಳಿಗೆ ಬುಷ್. ಲೈಟ್, ಫ್ಯಾನಿಗೆ 1.5 ಚದರ ಮಿ.ಮೀ. ತಾಮ್ರದ ವೈರ್ ಸಾಕು. ಫೇಸ್, ನ್ಯೂಟ್ರಲ್, ಹಸಿರು ಅರ್ಥ್ ಮೂರನ್ನೂ ಒಂದೇ ಪೈಪಿನಲ್ಲಿ ಎಳೆಯಬೇಕು. ಫೇಸ್ ಒಂದು ಕಬ್ಬಿಣದ ಪೈಪಿನಲ್ಲಿ, ನ್ಯೂಟ್ರಲ್ ಇನ್ನೊಂದರಲ್ಲಿ ಹೋದರೆ ಪೈಪೇ ಬಿಸಿಯಾಗುತ್ತದೆ. ಪೈಪ್ ಕತ್ತರಿಸಿದ ಬಾಯಿಯನ್ನು ಅರದಿಂದ ಉಜ್ಜಿ ನುಣುಪು ಮಾಡದೆ ವೈರ್ ಎಳೆದರೆ ಇಲಿ ಮಾಡುವ ಕೆಲಸವನ್ನು ಪೈಪೇ ಮಾಡುತ್ತದೆ.

ಈ ಪೈಪಿಗೆ ಅರ್ಥಿಂಗ್ ಕೊಡಲೇಬೇಕು. ಪ್ರತಿ ಬಾಕ್ಸ್‌ನಲ್ಲೂ ಹಸಿರು ವೈರನ್ನು ಸ್ಕ್ರೂನಿಂದ ಬಿಗಿಯಿರಿ. ಅರ್ಥ್ ಇಲ್ಲದ ಕಬ್ಬಿಣದ ಪೈಪಿನೊಳಗೆ ಫೇಸ್ ತಾಗಿದರೆ 30 ಅಡಿ ಪೈಪೂ ಶಾಕ್ ಹೊಡೆಯುತ್ತದೆ. ಅರ್ಥ್ ಇದ್ದರೆ ಲಾಭ ಎರಡು: ಹಲ್ಲಿಗೆ ತಡೆ, ಜೊತೆಗೆ ಸೋರಿದ ಕರೆಂಟಿಗೆ ಭೂಮಿಗೆ ಹೋಗುವ ದಾರಿ. ಮೇನ್‌ನಲ್ಲಿ 30 ಮಿಲಿ ಆಂಪ್‌ನ ಆರ್‌ಸಿಸಿಬಿ ಹಾಕಿಸಿದ್ದರೆ (ಹೋದ ಕರೆಂಟು, ವಾಪಸ್ ಬಂದ ಕರೆಂಟು ತಾಳೆ ನೋಡುವ ಸ್ವಿಚ್, ಕೆಲವರು ಇದನ್ನು ಇಎಲ್‌ಸಿಬಿ ಎನ್ನುತ್ತಾರೆ) ಅದು ಆ ಸೋರಿಕೆಯನ್ನು ಹಿಡಿದು ಕ್ಷಣದಲ್ಲಿ ಲೈನ್ ಕಡಿಯುತ್ತದೆ. ನಿಮ್ಮ ಈಗಿನ ಮರದ ಪಟ್ಟಿಯ ವೈರಿಂಗ್‌ಗೆ ಆರ್‌ಸಿಸಿಬಿ ಒಂದನ್ನೇ ಹಾಕಿದರೆ ಪೂರ್ತಿ ರಕ್ಷಣೆ ಸಿಗುವುದಿಲ್ಲ. ಒಣ ಮರದ ಮೇಲೆ ಫೇಸ್‌ನಿಂದ ನ್ಯೂಟ್ರಲ್‌ಗೆ ಸೋರುವ ಕರೆಂಟ್ ಭೂಮಿಗೆ ಹೋಗುವುದೇ ಇಲ್ಲ, ಹಾಗಾಗಿ ಆರ್‌ಸಿಸಿಬಿಗೆ ಅದು ಗೊತ್ತಾಗುವುದಿಲ್ಲ. ಕಬ್ಬಿಣದ ಪೈಪ್, ಅರ್ಥಿಂಗ್, ಆರ್‌ಸಿಸಿಬಿ ಮೂರೂ ಒಟ್ಟಿಗಿದ್ದರೇ ಕೆಲಸ. ಮನುಷ್ಯನಿಗೆ ಶಾಕ್ ತಗಲಿದಾಗ ಉಳಿಸುವುದೂ ಇದೇ ಆರ್‌ಸಿಸಿಬಿ, ಆದ್ದರಿಂದ ಪೈಪ್ ಕೆಲಸ ತಡವಾದರೂ ಅದನ್ನು ಮೊದಲೇ ಹಾಕಿಸಿ.

ಪೈಪ್ ಬಗ್ಗಿಸುವುದು ಕಷ್ಟವಾದ ಅಟ್ಟಗಳಲ್ಲಿ 2.5 ಚದರ ಮಿ.ಮೀ.ನ ಆರ್ಮರ್ಡ್ ಕೇಬಲ್ ಎಳೆಸಬಹುದು. ಒಳಗಿನ ವೈರಿನ ಸುತ್ತ ಉಕ್ಕಿನ ತಂತಿಯ ಹೊದಿಕೆ ಇರುತ್ತದೆ. ಎರಡೂ ತುದಿಗೆ ಗ್ಲ್ಯಾಂಡ್ (ಕೇಬಲನ್ನು ಬಾಕ್ಸಿಗೆ ಬಿಗಿಯಾಗಿ ಹಿಡಿಯುವ ಬಿರಡೆ) ಹಾಕಿ, ಆ ಉಕ್ಕಿನ ಹೊದಿಕೆಯನ್ನು ಅರ್ಥ್‌ಗೆ ಸೇರಿಸಬೇಕು.

ದಾರಿ ಬದಲಿಸುವ ಕೆಲಸವೂ ಇದೆ. ಮಾಡಿನ ಮೇಲೆ ಚಾಚಿದ ಕೊಂಬೆಗಳನ್ನು ಕನಿಷ್ಠ 4 ಅಡಿ ದೂರಕ್ಕೆ ಕಡಿಯಿರಿ, ಮನೆ ಇಲಿ ಚೆನ್ನಾಗಿ ಹಾರುತ್ತದೆ. ತೆಂಗಿನ ಮರಕ್ಕೆ ಇಲಿ ಹತ್ತದಂತೆ ನೆಲದಿಂದ 2 ಮೀಟರ್ ಎತ್ತರದಲ್ಲಿ 40 ಸೆಂ.ಮೀ. ಅಗಲದ ತಗಡು ಸುತ್ತುವ ಪದ್ಧತಿ ನಿಮಗೆ ಗೊತ್ತೇ ಇದೆ. ಮನೆಗೆ ಒರಗಿದ ಮರಕ್ಕೂ, ಮಳೆನೀರಿನ ಪೈಪಿಗೂ ಅದೇ ಉಪಾಯ ನಡೆಯುತ್ತದೆ. ಕಂಬದಿಂದ ಮೀಟರ್‌ಗೆ ಬರುವ ಸರ್ವಿಸ್ ವೈರ್ ಮೇಲೂ ಇಲಿ ನಡೆದು ಬರುತ್ತದೆ. ಆದರೆ ಮೀಟರ್‌ಗಿಂತ ಹಿಂದಿನದು ವಿದ್ಯುತ್ ಕಂಪನಿಯ ಆಸ್ತಿ, ಅದು ಕಡಿದಿದ್ದರೆ 1912ಕ್ಕೆ ದೂರು ಕೊಡಿ, ನೀವು ಮುಟ್ಟಬೇಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ನಾಲ್ಕನೇ ಮಹಡಿಯ ಫ್ಲಾಟ್. ಮಳೆ ಬಂದ ರಾತ್ರಿ ಆರ್‌ಸಿಸಿಬಿ ಬೀಳುತ್ತದೆ. ಗೀಸರ್ ಹಾಕಿದಾಗಲೇ ಹೆಚ್ಚು ಬೀಳುವುದರಿಂದ ಗೀಸರ್ ಬದಲಿಸಿದೆವು, ಪ್ರಯೋಜನವಾಗಲಿಲ್ಲ. ಫಾಲ್ಸ್ ಸೀಲಿಂಗ್‌ನ ಒಂದು ಲೈಟ್ ತೆಗೆದಾಗ ಜೀರಿಗೆಯಂಥ ಹಿಕ್ಕೆ ಉದುರಿತು. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ಬಹುಮಟ್ಟಿಗೆ ಇದೆ. ಗೀಸರ್ ಬದಲಿಸಿದ ಹಣ ವ್ಯರ್ಥವಾದದ್ದಕ್ಕೆ ಬೇಸರವಾಗುತ್ತದೆ, ಏಕೆಂದರೆ ಈ ತಪ್ಪು ತುಂಬಾ ಕಡೆ ನಡೆಯುತ್ತದೆ.

ಆರ್‌ಸಿಸಿಬಿ ಬಿದ್ದರೆ ಸಾಮಾನ್ಯವಾಗಿ ಎಲ್ಲ ಎಂಸಿಬಿ ಕೆಳಗೆ ಮಾಡಿ, ಒಂದೊಂದಾಗಿ ಮೇಲೆತ್ತಿ, ಯಾವುದು ಹಾಕಿದಾಗ ಬಿತ್ತೋ ಅದೇ ಸರ್ಕ್ಯೂಟ್ ಕೆಟ್ಟಿದೆ ಎನ್ನುತ್ತಾರೆ. ಫೇಸ್ ವೈರ್ ಕಡಿದಿದ್ದರೆ ಇದು ಸರಿ. ಆದರೆ ಮನೆಗಳಲ್ಲಿ ಹಾಕುವ ಒಂಟಿ ಪೋಲ್ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ. ನ್ಯೂಟ್ರಲ್‌ಗಳೆಲ್ಲ ಒಂದೇ ಪಟ್ಟಿಯಲ್ಲಿ ಸೇರಿಯೇ ಇರುತ್ತವೆ. ಇಲಿ ಬೆಡ್‌ರೂಮಿನ ಲೈಟ್‌ನ ನ್ಯೂಟ್ರಲ್ ಕಡಿದು, ಅದು ಸೀಲಿಂಗ್‌ನ ಕಬ್ಬಿಣದ ಚೌಕಟ್ಟಿಗೋ ಒದ್ದೆ ಸ್ಲ್ಯಾಬಿಗೋ ತಾಗಿದೆ ಎನ್ನಿ. ಲೋಡ್ ಇಲ್ಲದಾಗ ಏನೂ ಆಗುವುದಿಲ್ಲ. ಗೀಸರ್ ಹಾಕಿದಾಗ ಸುಮಾರು 9 ಆಂಪ್ ನ್ಯೂಟ್ರಲ್‌ನಲ್ಲಿ ವಾಪಸ್ ಬರಬೇಕು. ಅದರಲ್ಲಿ ಒಂದು ಚೂರು ಬೆಡ್‌ರೂಮಿನ ಕಡಿದ ಜಾಗದ ಮೂಲಕ ಭೂಮಿಗೆ ಜಾರುತ್ತದೆ. ಆರ್‌ಸಿಸಿಬಿಗೆ ಹೋದದ್ದೆಷ್ಟು, ಬಂದದ್ದೆಷ್ಟು ತಾಳೆಯಾಗುವುದಿಲ್ಲ, ಬೀಳುತ್ತದೆ. ಬೈಗುಳ ಗೀಸರ್‌ಗೆ!

ಹಿಡಿಯುವ ಸರಿಯಾದ ದಾರಿ ಮೆಗ್ಗರ್, ಅಂದರೆ ವೈರಿನ ಸಿಪ್ಪೆಯಿಂದ ಕರೆಂಟ್ ಸೋರುತ್ತಿದೆಯೇ ಎಂದು ಅಳೆಯುವ ಮೀಟರ್. ಎಲೆಕ್ಟ್ರಿಷಿಯನ್‌ಗೆ ಹೀಗೆ ಹೇಳಿ: ಮೇನ್ ಮತ್ತು ಇನ್ವರ್ಟರ್ ಆಫ್ ಮಾಡಿ, ಎಲ್ಲ ಪ್ಲಗ್ ತೆಗೆದು, ಪ್ರತಿ ಸರ್ಕ್ಯೂಟ್‌ನ ನ್ಯೂಟ್ರಲ್ ಅನ್ನು ಪಟ್ಟಿಯಿಂದ ಬಿಚ್ಚಿ ನಂಬರ್ ಅಂಟಿಸಬೇಕು. ಆ ಸರ್ಕ್ಯೂಟ್‌ನ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದು ಅರ್ಥ್‌ಗೆ 500 ವೋಲ್ಟ್‌ನಲ್ಲಿ ಅಳೆಯಬೇಕು. ಹೀಗೆ ಜೋಡಿಸಿ ಅಳೆದರೆ ಎಲ್‌ಇಡಿ ಡ್ರೈವರ್‌ಗಳು ಸುಡುವುದಿಲ್ಲ. ಫೇಸ್, ನ್ಯೂಟ್ರಲ್ ನಡುವೆಯೇ 500 ವೋಲ್ಟ್ ಬಿಟ್ಟರೆ ಸುಡುತ್ತವೆ. ಚೆನ್ನಾಗಿರುವ ವೈರ್ ಹತ್ತಾರು, ನೂರಾರು ಮೆಗಾಓಮ್ ತೋರಿಸುತ್ತದೆ. 1 ಮೆಗಾಓಮ್‌ಗಿಂತ ಕೆಳಗೆ ಬಂದದ್ದು ಕೆಟ್ಟ ಸರ್ಕ್ಯೂಟ್. ಸಾಧ್ಯವಾದರೆ ಮಳೆ ಬಂದ ಮರುದಿನ ಬೆಳಿಗ್ಗೆಯೇ ಅಳೆಸಿ, ಒಣಗಿದ ಮೇಲೆ ಅದೇ ವೈರ್ ಸರಿಯಿರುವಂತೆ ತೋರಬಹುದು. ಪದೇಪದೇ ಬೀಳುತ್ತದೆಂದು ಆರ್‌ಸಿಸಿಬಿಯನ್ನೇ ತಪ್ಪಿಸಿ ಲೈನ್ ಕೊಡಲು ಯಾರು ಹೇಳಿದರೂ ಒಪ್ಪಬೇಡಿ.

ಫಾಲ್ಸ್ ಸೀಲಿಂಗ್‌ನಲ್ಲಿ ಮೂಲ ತಪ್ಪು ಕಟ್ಟುವಾಗಲೇ ಆಗಿರುತ್ತದೆ. ಸುಕ್ಕುಸುಕ್ಕಾದ ಫ್ಲೆಕ್ಸಿಬಲ್ ಪೈಪ್‌ನಲ್ಲಿ, ಎಷ್ಟೋ ಕಡೆ ಅದೂ ಇಲ್ಲದೆ, ವೈರನ್ನು ಜಿಪ್ಸಮ್ ಬೋರ್ಡ್ ಮೇಲೆ ಹರವಿ ಬಿಟ್ಟಿರುತ್ತಾರೆ. ಬೋರ್ಡ್ ಮೇಲೆಯೇ ಇಲಿ ಓಡುವುದು. ಆ ಸುಕ್ಕುಗಳು ಹಲ್ಲಿಗೆ ಮೆಟ್ಟಿಲು ಕಡಿದಿಟ್ಟಂತೆ. ಹೊಸದಾಗಿ ಎಳೆಸುವಾಗ 25 ಮಿ.ಮೀ. ಗಟ್ಟಿ ಪಿವಿಸಿ ಪೈಪನ್ನು ಸ್ಲ್ಯಾಬಿಗೇ ಕ್ಲಾಂಪ್ ಮಾಡಿಸಿ. ಇಲಿಗೆ ಕಡಿಯಲು ಅಂಚು ಬೇಕು. ದಪ್ಪ, ದುಂಡು, ನುಣುಪು ಪೈಪಿನ ನಡುಭಾಗದಲ್ಲಿ ಹಲ್ಲು ಜಾರುತ್ತದೆ, ಪೈಪಿನ ಬಾಯಿ ಮತ್ತು ಜಾಯಿಂಟ್‌ನಲ್ಲಿ ಹಿಡಿತ ಸಿಗುತ್ತದೆ. ಆದ್ದರಿಂದ ಬಾಯಿ ಬಾಕ್ಸ್‌ನೊಳಗೇ ಮುಗಿಯಬೇಕು. ಬಾಕ್ಸ್‌ನಿಂದ ಲೈಟ್‌ವರೆಗಿನ ಒಂದೆರಡು ಅಡಿಗೆ ಉಕ್ಕಿನ ಫ್ಲೆಕ್ಸಿಬಲ್ ಪೈಪ್ ಹಾಕಿಸಿ, ಅದಕ್ಕೂ ಅರ್ಥ್ ಕೊಡಿಸಿ. ಒಂದೂವರೆ ಅಡಿ ಚದರದ ಒಂದು ತೆರೆಯುವ ಬಾಗಿಲನ್ನು ಸೀಲಿಂಗ್‌ನಲ್ಲಿ ಬಿಡಿಸಿ, ಮುಂದೆ ನೋಡುವುದಕ್ಕೆ ಸೀಲಿಂಗ್ ಒಡೆಯಬೇಕಾಗುವುದಿಲ್ಲ.

ನಾಲ್ಕನೇ ಮಹಡಿಗೆ ಅವು ಬಂದದ್ದು ಡಕ್ಟ್ ಪೈಪ್‌ಗಳನ್ನು ಹತ್ತಿ. ಎಸಿ ಪೈಪ್ ಹೋಗುವ ತೂತು, ಟಾಯ್ಲೆಟ್ ಎಕ್ಸಾಸ್ಟ್, ಕಿಚನ್ ಸಿಂಕ್ ಕೆಳಗಿನ ಪೈಪ್ ಸುತ್ತ ನೋಡಿ. ಸಣ್ಣ ಇಲಿಗೆ 6 ಮಿ.ಮೀ. ಸಂದು ಸಾಕು, ಪೆನ್ಸಿಲ್ ತೂರಿದರೆ ಅದೂ ತೂರುತ್ತದೆ. ದೊಡ್ಡ ಇಲಿಗೆ ಅರ್ಧ ಇಂಚಿಗಿಂತ ತುಸು ಹೆಚ್ಚು ಬೇಕು. ಪಿಯು ಫೋಮ್ ಒಂದನ್ನೇ ತುಂಬಿದರೆ ಎರಡು ರಾತ್ರಿಗೆ ಕಡಿದು ಹಾಕುತ್ತವೆ. ತೂತಿಗೆ ಸ್ಟೇನ್‌ಲೆಸ್ ಸ್ಟೀಲ್ ಉಣ್ಣೆ ಅಥವಾ ಸುರುಳಿ ಸುತ್ತಿದ ಜಿಐ ಜಾಲರಿ ಒತ್ತಿ, ಮೇಲೆ 1 ಸಿಮೆಂಟಿಗೆ 3 ಮರಳಿನ ಗಾರೆ ಮೆತ್ತಿ. ಪಾತ್ರೆ ತಿಕ್ಕುವ ಸಾದಾ ಕಬ್ಬಿಣದ ನಾರು ತುಕ್ಕು ಹಿಡಿದು ಒಂದೆರಡು ಮಳೆಗಾಲದಲ್ಲಿ ಪುಡಿಯಾಗುತ್ತದೆ. ಉಕ್ಕಿನ ಉಣ್ಣೆಯನ್ನು ಸ್ವಿಚ್ ಬೋರ್ಡ್, ಡಿಬಿ ಬಾಕ್ಸ್ (ಎಂಸಿಬಿಗಳಿರುವ ಪೆಟ್ಟಿಗೆ) ಒಳಗೆ ಮಾತ್ರ ಖಂಡಿತ ತುರುಕಬೇಡಿ, ಅದರ ಒಂದೆಳೆ ಟರ್ಮಿನಲ್‌ಗೆ ತಾಗಿದರೆ ಬೆಂಕಿ. ಡಿಬಿ ಬಾಕ್ಸ್‌ನ ಖಾಲಿ ತೂತಿಗೆ ಅಳತೆಯ ಪ್ಲಾಸ್ಟಿಕ್ ಮುಚ್ಚಳವೇ ಸಿಗುತ್ತದೆ. ಡಕ್ಟ್ ಎಲ್ಲರದೂ ಆದ್ದರಿಂದ ಪ್ರತಿ ಮಹಡಿಯಲ್ಲೂ ಮುಚ್ಚಿಸುವ ಕೆಲಸವನ್ನು ಅಸೋಸಿಯೇಷನ್ ಮೂಲಕ ಮಾಡಿಸಿ, ಬೆಂಕಿ ಹೊಗೆ ಮೇಲಕ್ಕೇರದಂತೆ ತಡೆಯುವುದೂ ಅದೇ ಮುಚ್ಚಿಗೆ.

ಪ್ರಶ್ನೆ: ನುಸಿಗುಳಿಗೆ, ಪುದೀನ ಎಣ್ಣೆ, ಫಿನಾಯಿಲ್, ಅಲ್ಟ್ರಾಸಾನಿಕ್ ಯಂತ್ರ, ವೈರಿಗೆ ಹಳೇ ಎಂಜಿನ್ ಆಯಿಲ್ ಸವರುವುದು: ಇವುಗಳಲ್ಲಿ ಯಾವುದು ಒಳ್ಳೆಯದು? (ಹಾವೇರಿ)

ಉತ್ತರ: ವೈರ್ ಉಳಿಸಲು ಯಾವುದೂ ಸಾಲದು. ಪುದೀನ ಎಣ್ಣೆಯ ವಾಸನೆ ಕೆಲವೇ ದಿನದಲ್ಲಿ ಹೋಗುತ್ತದೆ. ನುಸಿಗುಳಿಗೆಯ ಆವಿ ಮನೆಯವರಿಗೇ, ಅದರಲ್ಲೂ ಹಸುಗೂಸುಗಳಿಗೆ ಕೆಟ್ಟದ್ದು. ಅಲ್ಟ್ರಾಸಾನಿಕ್ ಸದ್ದು ಗೋಡೆ, ಪೆಟ್ಟಿಗೆ, ಸೀಲಿಂಗ್ ದಾಟಿ ಹೋಗುವುದಿಲ್ಲ, ಇಲಿಯೂ ಬೇಗ ಒಗ್ಗಿಕೊಳ್ಳುತ್ತದೆ. ಎಂಜಿನ್ ಆಯಿಲ್, ಸೀಮೆಎಣ್ಣೆ, ಗ್ರೀಸ್ ಬೇಡವೇ ಬೇಡ. ಅವು ಪಿವಿಸಿಯನ್ನು ಕೆಡಿಸುತ್ತವೆ, ಧೂಳು ಹಿಡಿಯುತ್ತವೆ, ಕಿಡಿ ಬಿದ್ದರೆ ಉರಿಯುತ್ತವೆ. ಎಫ್‌ಆರ್ ಎಂದು ಬರೆದ ವೈರ್ ಬೆಂಕಿ ಹರಡುವುದನ್ನು ತಡೆಯುತ್ತದೆ, ಇಲಿಯನ್ನಲ್ಲ. ಇಲಿ ನಿರೋಧಕ ಎಂದು ಮಾರುವ ವೈರ್‌ನ ಪ್ಲಾಸ್ಟಿಕ್‌ನಲ್ಲಿ ಇಲಿಗೆ ಹಿಡಿಸದ ಪದಾರ್ಥ ಬೆರೆಸಿರುತ್ತಾರೆ. ಆದರೆ ರುಚಿ ಗೊತ್ತಾಗಬೇಕಾದರೆ ಒಮ್ಮೆ ಕಚ್ಚಲೇಬೇಕಲ್ಲ. ಅದೇ ಹಣ ಕಬ್ಬಿಣದ ಪೈಪಿಗೆ ಹಾಕುವುದು ಮೇಲು.

ಪ್ರಶ್ನೆ: ಮೂಗಿಲಿಯೂ ವೈರ್ ಕಡಿಯುತ್ತದೆಯೇ? (ಕುಂದಾಪುರ)

ಉತ್ತರ: ಇಲ್ಲ. ಉದ್ದ ಮೂತಿಯ, ಚಿಕ್‌ಚಿಕ್ ಎನ್ನುತ್ತಾ ಗೋಡೆ ಹಿಡಿದು ಓಡುವ, ಗಬ್ಬು ವಾಸನೆಯ ಮೂಗಿಲಿ ದಂಶಕ (ಇಲಿ, ಅಳಿಲಿನಂಥ ಕಡಿಯುವ ಪ್ರಾಣಿ) ಜಾತಿಯೇ ಅಲ್ಲ. ಜಿರಳೆ, ಹುಳ ತಿಂದು ಬದುಕುತ್ತದೆ. ಅದನ್ನು ಕೊಂದು ಲಾಭವಿಲ್ಲ. ವೈರ್ ಕಡಿಯುವುದು ಮನೆ ಇಲಿ, ಸಣ್ಣ ಇಲಿ, ನೆಲದಡಿಯಲ್ಲಿ ಹೆಗ್ಗಣ, ಮಾಡಿನ ಮೇಲೆ ಅಳಿಲು. ಹಿಕ್ಕೆ ನೋಡಿ ಗುರುತು ಹಿಡಿಯಬಹುದು: ಸಣ್ಣ ಇಲಿಯದ್ದು ಜೀರಿಗೆಯಷ್ಟು, ಮನೆ ಇಲಿಯದ್ದು ಅರ್ಧ ಇಂಚು. ತುದಿಯಲ್ಲಿ ಬಿಳಿ ಚುಕ್ಕಿ ಇದ್ದರೆ ಹಲ್ಲಿಯದ್ದು.

ಪ್ರಶ್ನೆ: ವಿಷ ಇಡಬೇಕೋ ಬೋನು ಇಡಬೇಕೋ? ಮನೆಯಲ್ಲಿ ಎರಡು ವರ್ಷದ ಮಗು ಮತ್ತು ನಾಯಿ ಇವೆ. ಹಿಂದೆ ಒಮ್ಮೆ ಪಾಷಾಣ ಇಟ್ಟಾಗ ಇಲಿ ಸೀಲಿಂಗ್‌ನೊಳಗೇ ಸತ್ತು ವಾರಗಟ್ಟಲೆ ನಾತ ಬಂತು. (ಮಂಡ್ಯ)

ಉತ್ತರ: ಬೋನು. ಮಗು ಇರುವ ಮನೆಗೆ ಹಳದಿ ರಂಜಕದ ಇಲಿ ಪೇಸ್ಟ್ ತರಲೇಬಾರದು. ಅದು ಯಕೃತ್ತನ್ನು ನಾಶ ಮಾಡುತ್ತದೆ, ಅದಕ್ಕೆ ಪ್ರತಿವಿಷವಿಲ್ಲ. ಜಿಂಕ್ ಫಾಸ್ಫೈಡ್ ಹೊಟ್ಟೆಯೊಳಗೆ ವಿಷಾನಿಲವಾಗುತ್ತದೆ, ಅದಕ್ಕೂ ಪ್ರತಿವಿಷವಿಲ್ಲ. ಬ್ರೋಮಾಡಿಯೊಲೋನ್ ಬಿಲ್ಲೆ ತಿಂದ ಇಲಿ ಕೆಲವು ದಿನ ಬಿಟ್ಟು ತನ್ನ ಗೂಡಿನಲ್ಲೇ ಸಾಯುತ್ತದೆ, ನಿಮಗೆ ಬಂದ ನಾತ ಅಂಥದ್ದೇ. ಮಗುವಾಗಲಿ ನಾಯಿಯಾಗಲಿ ಯಾವುದೇ ಇಲಿ ಪಾಷಾಣ ತಿಂದ ಅನುಮಾನ ಬಂದರೆ ವಾಂತಿ ಮಾಡಿಸದೆ, ಪ್ಯಾಕೆಟ್ ಕೈಯಲ್ಲಿ ಹಿಡಿದೇ ಆಸ್ಪತ್ರೆಗೆ ಓಡಿ. ಬ್ರೋಮಾಡಿಯೊಲೋನ್‌ಗೆ ವಿಟಮಿನ್ ಕೆ1 ಮದ್ದಿದೆ, ಆದರೆ ರಕ್ತಸ್ರಾವ ಕಾಣಿಸಿಕೊಳ್ಳುವುದು ದಿನಗಳ ನಂತರ. ಮಗು ಚೆನ್ನಾಗಿಯೇ ಇದೆಯಲ್ಲ ಎಂದು ಕಾಯಬೇಡಿ.

ಬೋನಿನಲ್ಲಿ ಇಲಿ ಬೀಳುವುದಿಲ್ಲ ಎಂಬ ದೂರು ಇಡುವ ರೀತಿಯಿಂದ ಬರುತ್ತದೆ. ಮೊದಲು ದಾರಿ ಹುಡುಕಿ. ರಾತ್ರಿ ಗೋಡೆಯಂಚಿನಲ್ಲಿ ರಂಗೋಲಿ ಪುಡಿಯನ್ನು ತೆಳ್ಳಗೆ ಜರಡಿ ಹಿಡಿದಂತೆ ಹರಡಿ. ಬೆಳಿಗ್ಗೆ ಟಾರ್ಚನ್ನು ನೆಲಕ್ಕೆ ಸಮನಾಗಿ ಹಿಡಿದು ನೋಡಿದರೆ ನಾಲ್ಕು ಬೆರಳಿನ ಮುಂಗಾಲು, ಐದು ಬೆರಳಿನ ಹಿಂಗಾಲು, ನಡುವೆ ಬಾಲ ಎಳೆದ ಗೆರೆ ಎದ್ದು ಕಾಣುತ್ತವೆ. ಚಿಟಕಿ ಬೋನನ್ನು ಆ ದಾರಿಯಲ್ಲಿ ಗೋಡೆಗೆ ಅಡ್ಡಲಾಗಿ, ತಿಂಡಿ ಇಡುವ ತುದಿ ಗೋಡೆಗೆ ತಾಗುವಂತೆ ಇಡಬೇಕು. ಮನೆ ಇಲಿಗೆ ಹೊಸ ವಸ್ತು ಕಂಡರೆ ಅಂಜಿಕೆ. ಮೂರು ದಿನ ಬೋನು ಹೂಡದೆ ತಿಂಡಿ ಮಾತ್ರ ಇಟ್ಟು ರೂಢಿಯಾಗಲು ಬಿಡಿ, ನಾಲ್ಕನೇ ರಾತ್ರಿ ಎಲ್ಲವನ್ನೂ ಒಟ್ಟಿಗೆ ಹೂಡಿ. ಸುಟ್ಟ ಕೊಬ್ಬರಿ ಚೂರು, ಶೇಂಗಾ, ಒಣಮೀನಿನ ತಲೆ ಯಾವುದಾದರೂ ಆಗುತ್ತದೆ, ದಾರದಿಂದ ಬಿಗಿದು ಕಟ್ಟಿ. ಒಂದೇ ಬೋನು ಸಾಲದು. ಸಣ್ಣ ಇಲಿಗೆ 6ರಿಂದ 10 ಅಡಿಗೊಂದು, ದೊಡ್ಡದಕ್ಕೆ 15 ಅಡಿಗೊಂದು ಬೇಕು. ಮಗುವಿನ ಕೈಗೆ ಸಿಗದಂತೆ, ಎರಡು ಬದಿ ತೂತು ಕೊರೆದ ಮರದ ಪೆಟ್ಟಿಗೆಯೊಳಗಿಡಿ.

ತೂತು ಮುಚ್ಚುವ ಕೆಲಸ ಮತ್ತು ಬೋನಿನ ಕೆಲಸ ಜೊತೆಯಾಗಿ ಸಾಗಲಿ, ಆದರೆ ಕೊನೆಯ ತೂತನ್ನು ಬೇಗ ಮುಚ್ಚಬೇಡಿ. ಒಳಗೆ ಸಿಕ್ಕಿಬಿದ್ದ ಇಲಿ ಹೊರಬರಲು ಕಂಡದ್ದನ್ನೆಲ್ಲ ಕಡಿಯುತ್ತದೆ. ಆ ತೂತಿಗೆ ಮುದುರಿದ ಪೇಪರ್ ತುರುಕಿ ಮೂರು ರಾತ್ರಿ ಕಾಯಿರಿ. ಪೇಪರ್ ಅಲುಗದೇ ಇದ್ದು, ರಂಗೋಲಿಯಲ್ಲಿ ಹೆಜ್ಜೆ ಬೀಳದಿದ್ದರೆ ಗಾರೆ ಹಾಕಿ.

ಹಿಕ್ಕೆಯನ್ನು ಒಣಗಿದಂತೆಯೇ ಗುಡಿಸಬೇಡಿ. ಗ್ಲೌಸ್, ಮಾಸ್ಕ್ ಹಾಕಿಕೊಂಡು, ಕರೆಂಟ್ ವಸ್ತುಗಳಿಂದ ದೂರದ ಜಾಗದಲ್ಲಿ, 1 ಪಾಲು ಬ್ಲೀಚ್‌ಗೆ 9 ಪಾಲು ನೀರು ಬೆರೆಸಿ ಚಿಮುಕಿಸಿ, ಐದು ನಿಮಿಷ ಬಿಟ್ಟು ಪೇಪರ್‌ನಿಂದ ಬಳಿಯಿರಿ. ಇಲಿ ಜ್ವರ ಹರಡುವುದು ಇಲಿಯ ಉಚ್ಚೆಯಿಂದ, ಕೈಯಲ್ಲಿ ಸಣ್ಣ ಗಾಯವಿದ್ದರೂ ಸಾಕು.

ಪ್ರಶ್ನೆ: ತುಮಕೂರಿನಲ್ಲಿ ಮಾಳಿಗೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ದೇವೆ. ಬೆಳಿಗ್ಗೆ ಇನ್ವರ್ಟರ್ ಐಸೊಲೇಷನ್ ಫಾಲ್ಟ್ ಎಂದು ತೋರಿಸಿ ನಿಲ್ಲುತ್ತದೆ, ಹತ್ತು ಗಂಟೆ ಹೊತ್ತಿಗೆ ತಾನೇ ಸರಿಯಾಗುತ್ತದೆ. ಕಂಪನಿಯವರು ಇಬ್ಬನಿಯಿಂದ ಹಾಗಾಗುತ್ತದೆ, ಏನೂ ಆಗಲ್ಲ ಎನ್ನುತ್ತಾರೆ.

ಉತ್ತರ: ಇಬ್ಬನಿ ಎಂಬುದು ಅರ್ಧ ಸತ್ಯ. ಚೆನ್ನಾಗಿರುವ ಕೇಬಲ್ ಇಬ್ಬನಿಗೆ ಹೆದರುವುದಿಲ್ಲ, ಮಳೆಯಲ್ಲೇ ನಿಲ್ಲಲು ಮಾಡಿದ್ದು ಅದು. ಎಲ್ಲೋ ಸಿಪ್ಪೆ ಹೋಗಿದೆ ಅಥವಾ ಕನೆಕ್ಟರ್ ಸಡಿಲವಾಗಿದೆ. ತೇವ ಇರುವಷ್ಟು ಹೊತ್ತು ಕರೆಂಟ್ ಚೌಕಟ್ಟಿಗೆ ಸೋರಿ, ಬಿಸಿಲಿಗೆ ಒಣಗಿದಾಗ ನಿಲ್ಲುತ್ತಿದೆ. ಪ್ಯಾನೆಲ್ ಕೆಳಗೆ ನೆರಳು ಇರುವುದರಿಂದ ಅಳಿಲು, ಇಲಿ ಗೂಡು ಕಟ್ಟುತ್ತವೆ. ಕೆಳಗೆ ತೆಂಗಿನ ನಾರು, ಹತ್ತಿ ಕಾಣುತ್ತದೆಯೇ ನೋಡಿ.

ಇಲ್ಲಿ ಮನೆಯ ವೈರಿಂಗ್‌ಗಿಂತ ಹೆಚ್ಚಿನ ಜಾಗ್ರತೆ ಬೇಕು. ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳ ಡಿಸಿ ವೋಲ್ಟೇಜ್ 200–400ರ ಆಸುಪಾಸು ಇರುತ್ತದೆ, ಬಿಸಿಲಿರುವವರೆಗೆ ಅದನ್ನು ಯಾವ ಸ್ವಿಚ್ಚೂ ಪ್ಯಾನೆಲ್ ಬಳಿ ನಿಲ್ಲಿಸದು. ಎಸಿ ಕಿಡಿ (ಮನೆಯ ಮಾಮೂಲಿ ಕರೆಂಟಿನದು) ಸೆಕೆಂಡಿಗೆ ನೂರು ಸಲ ಸೊನ್ನೆಗಿಳಿಯುವುದರಿಂದ ಆರಲು ಅವಕಾಶವಿದೆ, ಡಿಸಿ ಕಿಡಿ ಎಡೆಬಿಡದೆ ಉರಿಯುತ್ತದೆ. ನೀವು ಕೈ ಹಾಕಬೇಡಿ, ಕನೆಕ್ಟರ್ ಎಳೆಯಬೇಡಿ. ಹಾಕಿಸಿದವರನ್ನು ಕರೆಸಿ, ಮೊದಲು ಎಸಿ ಎಂಸಿಬಿ, ಆಮೇಲೆ ಡಿಸಿ ಐಸೊಲೇಟರ್ ಆಫ್ ಮಾಡಿಸಿ, ಫಾಲ್ಟ್ ಇರುವ ಬೆಳಗಿನ ಹೊತ್ತಿನಲ್ಲೇ ಅಳೆಸಿ. ಕಡಿದ ಕೇಬಲ್ ಪೂರ್ತಿ ಬದಲಾಗಲಿ. ಹೊಸದನ್ನು ಮಾಳಿಗೆಯ ಮೇಲೆ ಬಿದ್ದಿರಲು ಬಿಡದೆ ಪ್ಯಾನೆಲ್ ಚೌಕಟ್ಟಿಗೆ ಸ್ಟೀಲ್ ಕ್ಲಿಪ್‌ನಿಂದ ಎತ್ತಿ ಕಟ್ಟಿಸಿ, ಇಳಿಯುವ ಭಾಗವನ್ನು ಪೈಪಿನಲ್ಲಿ ಹಾಕಿಸಿ. ಪ್ಯಾನೆಲ್‌ಗಳು ಮಾಳಿಗೆಗೆ ಹತ್ತಿರ ಇದ್ದರೆ ಸುತ್ತಲೂ ಅರ್ಧ ಇಂಚು ಕಣ್ಣಿನ ಜಿಐ ಜಾಲರಿ ಇಳಿಬಿಡಬಹುದು. ಅದಕ್ಕಾಗಿ ಪ್ಯಾನೆಲ್ ಚೌಕಟ್ಟಿಗೆ ತೂತು ಕೊರೆಯಬೇಡಿ, ವಾರಂಟಿ ಹೋಗುತ್ತದೆ. ಕ್ಲಿಪ್‌ನಿಂದ ಸಿಕ್ಕಿಸಿ.

ಪ್ರಶ್ನೆ: ಹೊಲದ ಪಂಪ್‌ಸೆಟ್ ಸ್ಟಾರ್ಟರ್ ಬಾಕ್ಸ್‌ನಲ್ಲಿ ಇಲಿ ಗೂಡು ಕಟ್ಟಿ, ಒಂದು ವೈರ್ ಕಡಿದು ಮೋಟಾರ್ ಸುಟ್ಟಿತು. ಮತ್ತೆ ಆಗದಂತೆ ಏನು ಮಾಡಲಿ? (ಗದಗ)

ಉತ್ತರ: ಮೂರು ಫೇಸ್‌ನಲ್ಲಿ ಒಂದು ಹೋದರೆ ಮೋಟಾರ್ ಗುಂಯ್ ಎನ್ನುತ್ತಾ ಎರಡೇ ಫೇಸ್‌ನಲ್ಲಿ ಎಳೆದು ಸುಡುತ್ತದೆ. ಆದ್ದರಿಂದ ರಿವೈಂಡ್ ಮಾಡಿಸುವ ಮುನ್ನವೇ ಸಿಂಗಲ್ ಫೇಸಿಂಗ್ ಪ್ರಿವೆಂಟರ್ (ಒಂದು ಫೇಸ್ ಹೋದರೆ ಮೋಟಾರ್ ನಿಲ್ಲಿಸುವ ಸಾಧನ) ಹಾಕಿಸಿ. ಬಾಕ್ಸ್‌ನ ಕೆಳಗಿನ ಕೇಬಲ್ ತೂತು ಹೆಚ್ಚಾಗಿ ತೆರೆದೇ ಇರುತ್ತದೆ, ಇಲಿ ಬರುವ ಬಾಗಿಲು ಅದೇ. ಕೇಬಲ್‌ನ ಅಳತೆಗೆ ಸರಿಯಾದ ಗ್ಲ್ಯಾಂಡ್ ಹಾಕಿ ಬಿಗಿಸಿ, ಉಳಿದ ತೂತುಗಳಿಗೆ ಪ್ಲಗ್ ಹಾಕಿ. ಬಾಕ್ಸ್ ನೆಲದಿಂದ 3 ಅಡಿ ಮೇಲಿರಲಿ, ಅದರ ಲೋಹದ ಮೈಗೆ ಅರ್ಥ್ ಇರಲಿ. ಶೆಡ್‌ನಲ್ಲಿ ಮೇವು, ಬಿತ್ತನೆ ಬೀಜ, ಖಾಲಿ ಚೀಲ ಇಡಬೇಡಿ. ಸ್ಟಾರ್ಟರ್‌ನಿಂದ ಬೋರ್‌ವರೆಗಿನ ಕೇಬಲ್ ಮಣ್ಣಿನಲ್ಲಿ ಬರಿದೇ ಹೂತಿದ್ದರೆ ಹೆಗ್ಗಣಕ್ಕೆ ಸಿಗುತ್ತದೆ. ಜಿಐ ಪೈಪಿನೊಳಗೆ ಎರಡು ಅಡಿ ಆಳದಲ್ಲಿ ಹೋಗಲಿ, ಜಾಯಿಂಟ್ ಮಣ್ಣಿನೊಳಗೆ ಬೇಡ. ಇಲಿ ಇರುವಲ್ಲಿಗೆ ಹಾವು ಬರುತ್ತದೆ. ಕತ್ತಲಲ್ಲಿ ಬಾಕ್ಸ್ ತೆರೆಯುವ ಮುನ್ನ ಟಾರ್ಚ್ ಬಿಟ್ಟು, ಒಣ ಕೋಲಿನಿಂದ ಬಾಗಿಲು ತಟ್ಟಿ.

ಪ್ರಶ್ನೆ: ಮೈಸೂರಿನಲ್ಲಿ ಹೊಸ ಮನೆ ಕಟ್ಟುತ್ತಿದ್ದೇವೆ, ಸ್ಲ್ಯಾಬ್ ಹಂತದಲ್ಲಿದೆ. ಈಗಲೇ ಏನು ಮಾಡಿಸಬೇಕು?

ಉತ್ತರ: ಈಗ ಮಾಡಿಸಿದರೆ ಖರ್ಚು ಕಡಿಮೆ. ಕಂಡ್ಯೂಟ್ 25 ಮಿ.ಮೀ., ಮೀಡಿಯಂ ದಪ್ಪದ್ದು ಇರಲಿ, ಒಳಜಾಗದ ಶೇ. 40ಕ್ಕಿಂತ ಹೆಚ್ಚು ವೈರ್ ತುಂಬಬೇಡಿ. ಮುಂದೊಂದು ದಿನ ಕಡಿದ ವೈರ್ ಎಳೆದು ಹೊಸದು ಹಾಕಲು ಆ ಜಾಗ ಬೇಕು. ಮುಂದಕ್ಕೆಂದು ಮಾಳಿಗೆಯಲ್ಲಿ ಬಿಡುವ ಖಾಲಿ ಪೈಪ್‌ಗಳ ಬಾಯಿಗೆ ಅಂದೇ ಕ್ಯಾಪ್ ಹಾಕಿಸಿ. ಟಿವಿ, ಇಂಟರ್‌ನೆಟ್‌ಗೆಂದು ಬಿಟ್ಟ 32 ಮಿ.ಮೀ. ಪೈಪ್ ಸಣ್ಣ ಇಲಿಗೆ ರಾಜಮಾರ್ಗ, ಮಾಳಿಗೆಯಿಂದ ಸೀದಾ ಹಾಲ್‌ನ ಬೋರ್ಡಿಗೆ ಇಳಿಯುತ್ತದೆ. ಕಾಂಪೌಂಡ್ ಗೇಟಿನ ಲೈಟಿಗೆ, ಸಂಪ್ ಮೋಟಾರಿಗೆ ಆರ್ಮರ್ಡ್ ಕೇಬಲ್ ಎರಡೂವರೆ ಅಡಿ ಆಳದಲ್ಲಿ ಹಾಕಿಸಿ, ಮೇಲೆ ಮರಳು, ಅದರ ಮೇಲೆ ಇಟ್ಟಿಗೆ ಸಾಲು. ಪಾಯದ ಸುತ್ತ ಕಾಂಕ್ರೀಟ್ ಪಟ್ಟಿ ಇದ್ದರೆ ಹೆಗ್ಗಣ ಗೋಡೆಯಡಿ ಬಿಲ ತೋಡುವುದು ಕಷ್ಟ. ವೆಂಟಿಲೇಟರ್, ಎಕ್ಸಾಸ್ಟ್‌ಗೆ ಕಾಲು ಇಂಚು ಕಣ್ಣಿನ ಜಿಐ ವೆಲ್ಡ್ ಜಾಲರಿ ಬೇಕು, ಸೊಳ್ಳೆಯ ನೈಲಾನ್ ಜಾಲರಿ ಒಂದು ರಾತ್ರಿಗೆ ಸಾಲದು. ಮಾಡ್ಯುಲರ್ ಕಿಚನ್ ಮಾಡುವವರು ಹಲಗೆಯ ಹಿಂದೆ ವೈರನ್ನು ಬರಿದೇ ಬಿಡುತ್ತಾರೆ. ಕ್ಯಾಬಿನೆಟ್ ಕೂರಿಸುವ ಮುನ್ನ ಪ್ರತಿ ಪಾಯಿಂಟ್‌ನ ಫೋಟೋ ತೆಗೆದಿಟ್ಟುಕೊಳ್ಳಿ, ಪೈಪ್ ಬಾಕ್ಸ್‌ವರೆಗೆ ಬಂದಿದೆಯೇ ನೋಡಿ.

ಪ್ರಶ್ನೆ: ವಾಷಿಂಗ್ ಮೆಷಿನ್ ಒಳಗಿನ ವೈರ್ ಕಡಿದು ಎರಡು ಸಲ ರಿಪೇರಿಯಾಯಿತು. (ಶಿವಮೊಗ್ಗ)

ಉತ್ತರ: ಅನೇಕ ಮೆಷಿನ್‌ಗಳ ತಳ ತೆರೆದಿರುತ್ತದೆ. ಕೆಲವು ಕಂಪನಿಗಳೇ ತಳಕ್ಕೆ ಪ್ಲಾಸ್ಟಿಕ್ ತಟ್ಟೆ ಕೊಡುತ್ತವೆ, ನಿಮ್ಮ ಮಾಡೆಲ್‌ಗೆ ಇದೆಯೇ ಕೇಳಿ. ಇಲ್ಲದಿದ್ದರೆ ತಳದ ಅಳತೆಗೆ ಕಾಲು ಇಂಚು ಕಣ್ಣಿನ ಜಾಲರಿ ಕತ್ತರಿಸಿ, ಅಂಚು ಒಳಕ್ಕೆ ಮಡಚಿ, ಮೋಟಾರಿಗೂ ಬೆಲ್ಟಿಗೂ ತಾಗದಂತೆ ಮೆಕ್ಯಾನಿಕ್‌ನಿಂದ ಸ್ಕ್ರೂ ಮಾಡಿಸಿ. ತಗಡಿನಿಂದ ಪೂರ್ತಿ ಮುಚ್ಚಬೇಡಿ, ಮೋಟಾರಿಗೆ ಗಾಳಿ ಬೇಕು, ಸೋರಿದ ನೀರು ಕೆಳಗಿಳಿಯಬೇಕು. ನೀರು ಹೋಗುವ ಹೋಸ್ ಪೈಪನ್ನು ಚರಂಡಿ ತೂತಿಗೆ ಸಡಿಲವಾಗಿ ಇಳಿಬಿಟ್ಟಿದ್ದರೆ ಇಲಿ ಹತ್ತಿ ಬರುವುದು ಆ ಸಂದಿನಿಂದಲೇ, ಹೋಸ್‌ನ ಅಳತೆಗೆ ತೂತಿರುವ ಸ್ಟೀಲ್ ಜಾಲಿ ಹಾಕಿ. ಮೆಷಿನ್ ದಿನಗಟ್ಟಲೆ ಬಳಸದೆ ನಿಂತಾಗ ಪ್ಲಗ್ ತೆಗೆದಿಡಿ, ಮತ್ತೆ ಹಾಕುವ ಮುನ್ನ ವೈರಿನ ಉದ್ದಕ್ಕೂ ಒಮ್ಮೆ ಬೆರಳಾಡಿಸಿ ಜೋಡಿ ಹಲ್ಲಿನ ಗುರುತು ಸಿಗುತ್ತದೆಯೇ ನೋಡಿ.